ಏಳನೇ ಚೌಕದ ಬಸರಿ ಮರ

ಬರೀ ಕಲ್ಲುಮಣ್ಣಿನ ದಿಬ್ಬದ ಮೇಲೆ ಮೊದಲು ಏನು ಹುಟ್ಟುತ್ತದೆ, ಅದರ ಬೆನ್ನಿಗೆ ಯಾವುದು ಬರುತ್ತದೆ, ಅದನ್ನೂ ನೂಕಿ ಕೊನೆಗೆ ಜಾಗ ಹಿಡಿಯುವುದು ಯಾವುದು ಎಂದು ನೂರು ವರ್ಷ ಮುಂಚಿತವಾಗಿ ಹೇಳಬಲ್ಲ ಯಂತ್ರವೊಂದಿದ್ದರೆ? ಅಂಥದ್ದೊಂದು ಹೊಸಪೇಟೆಯಲ್ಲಿತ್ತು. ಕಾಗದಪತ್ರದಲ್ಲಿ ಅದರ ಹೆಸರು ಸಸ್ಯಾನುಕ್ರಮ ಗಣಕ. ಆ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲವಾದ್ದರಿಂದ ನಿಯಂತ್ರಣ ಕೊಠಡಿಯವರು ಅದನ್ನು ಜೋಯಿಸ ಎನ್ನುತ್ತಿದ್ದರು. ಊರಿನ ಜೋಯಿಸರಿಗಿಂತ ಇದು ವಾಸಿ. ಹೇಳಿದ್ದು ಹೆಚ್ಚುಕಮ್ಮಿ ನಡೆಯುತ್ತಿತ್ತು, ನಡೆಯದಿದ್ದರೆ ನಿಮ್ಮ ಗ್ರಹಚಾರ ಅನ್ನುತ್ತಿರಲಿಲ್ಲ.

ಜೋಯಿಸನ ಕಿವಿಗಳಿದ್ದದ್ದು ಕೆಂಗಲ್ಲು ಗುಡ್ಡದ ಒಡಲಲ್ಲಿ. ಗುಡ್ಡವೆಂದರೆ ದೇವರು ಮಾಡಿದ ಗುಡ್ಡವಲ್ಲ. ಕಬ್ಬಿಣದ ಅದಿರು ತೆಗೆದವರು ಬೇಡವಾದ ಮಣ್ಣುಕಲ್ಲನ್ನು ನಲವತ್ತು ವರ್ಷ ಸುರಿದು ಸುರಿದು ಎಬ್ಬಿಸಿದ್ದು. ಗಣಿ ಮುಚ್ಚಿದ ಮೇಲೆ ಅದನ್ನು ನೂರು ವರ್ಷ ಅದರ ಪಾಡಿಗೆ ಬಿಡಬೇಕೆಂದು ಕಾನೂನಾಯಿತು. ಇಪ್ಪತ್ತು ಚೌಕಗಳಾಗಿ ಗುರುತು ಹಾಕಿ, ಒಂದೊಂದು ಚೌಕಕ್ಕೂ ಒಂದೊಂದು ಬಗೆಯ ಪಾಚಿ ಬೆರೆಸಿದ ನೀರನ್ನು ಒಂದೇ ಸಲ ಸಿಂಪಡಿಸಿ, ಬೇರೆ ಬೇರೆ ಆಳಕ್ಕೆ ಸಲಾಕೆಗಳನ್ನು ಇಳಿಸಿದರು. ಮಣ್ಣಿನ ತೇವ, ಹುಳಹುಪ್ಪಟೆಯ ಓಡಾಟ, ಬೇರಿನ ತುದಿ ಕಲ್ಲಿನ ಸಂದಿಯಲ್ಲಿ ನುಸುಳುವುದು, ಎಲ್ಲ ಜೋಯಿಸನಿಗೆ ತಿಳಿಯುತ್ತಿತ್ತು. ಆಮೇಲೆ ಚೌಕದೊಳಗೆ ಮನುಷ್ಯರು ಕಾಲಿಡುವ ಹಾಗಿಲ್ಲ. ಬಿತ್ತುವ ಹಾಗಿಲ್ಲ, ನೀರು ಹಾಕುವ ಹಾಗಿಲ್ಲ, ಒಂದು ಕಡ್ಡಿ ಕೀಳುವ ಹಾಗಿಲ್ಲ. ಕಾಯಲು ಒಬ್ಬ ಮನುಷ್ಯನನ್ನು ಮಾತ್ರ ಮೇಲೆ ಬಿಟ್ಟರು. ಅವನೇ ಗಾದಿಲಿಂಗಪ್ಪ.

ಗಾದಿಲಿಂಗಪ್ಪನಿಗೆ ಐವತ್ತೇಳು ವರ್ಷ. ಗುಡ್ಡದ ನೆತ್ತಿಯ ಮೇಲೆ ಅವನಿಗೊಂದು ಕೋಣೆ, ಬಿಸಿಲೊಲೆ, ನೀರಿನ ಟ್ಯಾಂಕು, ಹೊಸಪೇಟೆಯವರ ಜೊತೆ ಮಾತಾಡಲು ಗೋಡೆಗೊಂದು ಪರದೆ. ತಿಂಗಳಿಗೊಮ್ಮೆ ಡ್ರೋನ್ ಬಂದು ಜೋಳದ ಹಿಟ್ಟು, ಬೇಳೆ, ಎಣ್ಣೆ, ಕೇಳಿದ ಕಾಯಿಪಲ್ಲೆ ಇಳಿಸಿ ಹೋಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವನು ಮಾತಾಡಿದ್ದೆಲ್ಲ ಪರದೆಯ ಜೊತೆ, ಸೋರುವ ನಲ್ಲಿಯ ಜೊತೆ. ನಲ್ಲಿಯ ಜೊತೆ ಜಗಳವೇ ಹೆಚ್ಚು. ಇಂಥ ಒಂಟಿ ಕೆಲಸಕ್ಕೆ ಬಂದವರು ಮೂರು ತಿಂಗಳಿಗೆ ಓಡಿಹೋಗುತ್ತಾರೆಂದು ಇಲಾಖೆಯವರ ಲೆಕ್ಕವಿತ್ತು. ಇವನು ರಜೆ ಸಹ ಕೇಳಲಿಲ್ಲ. ಪುಣ್ಯಾತ್ಮ ಅಂದುಕೊಂಡರು, ಯಾಕೆ ಎಂದು ಯಾರೂ ಕೇಳಲಿಲ್ಲ.

ದಿನಾ ಬೆಳಿಗ್ಗೆ ಏಳಕ್ಕೆ ಪರದೆಯಲ್ಲಿ ಡಾಕ್ಟರ್ ಸಬೀಹಾ ಬರುತ್ತಿದ್ದರು. ಜೋಯಿಸನನ್ನು ಕಟ್ಟಿದವರಲ್ಲಿ ಒಬ್ಬರು, ಈಗ ಗುಡ್ಡದ ಮೇಲ್ವಿಚಾರಕಿ. ಅವರಿಗೆ ಗಿಡಗಳ ವಿಷಯ ಹೇಳುವುದೆಂದರೆ ಬಲು ಖುಷಿ, ಕೇಳುವವನು ಒಬ್ಬ ಕಾವಲುಗಾರ ಎಂಬುದು ಅವರಿಗೆ ಅಡ್ಡಬರುತ್ತಿರಲಿಲ್ಲ. ಮೊದಲ ವರ್ಷ ಮಣ್ಣಿನ ಮೇಲೆ ಕರಿ ಹಕ್ಕಳೆಯಂಥ ಪಾಚಿ ಕಟ್ಟಿದಾಗ, ಆಮೇಲೆ ಮಸಾಲೆಗೆ ಹಾಕುವ ಕಲ್ಲುಹೂವಿನ ಬಡ ತಂಗಿಯಂಥದ್ದೊಂದು ಕಲ್ಲಿಗೆ ಹತ್ತಿದಾಗ, ಮೂರನೇ ಮಳೆಗೆ ಹುಲ್ಲು, ಐದನೆಯದಕ್ಕೆ ಅಲ್ಲೊಂದು ಇಲ್ಲೊಂದು ತಂಗಡಿ, ಬಂದರಿಕೆ ಪೊದೆ ಎದ್ದಾಗ ಎಲ್ಲವನ್ನೂ ಅವರು ಬಿಡಿಸಿ ಹೇಳಿದ್ದರು. ಮೊದಲು ಬಂದದ್ದು ಮಣ್ಣು ಹದಮಾಡುತ್ತದೆ. ಆ ಹದವಾದ ಮಣ್ಣಿಗೆ ಇನ್ನೊಂದು ಬರುತ್ತದೆ. ಬಂದದ್ದರ ನೆರಳಿಗೆ ಮೊದಲಿನದು ಸಾಯುತ್ತದೆ. ಮರಗಳ ಕಾಲ ಬರುವುದಕ್ಕೆ ಐವತ್ತು ವರ್ಷವಾದರೂ ಬೇಕೆಂದು ಜೋಯಿಸ ಹೇಳಿತ್ತು. ಹುಲ್ಲು ಪಾಪ, ತಾನು ಹಾಸಿಕೊಟ್ಟ ಚಾಪೆಯ ಮೇಲೆ ಬೇರೆಯವರು ಮಲಗುವುದನ್ನು ನೋಡಿ ಹೋಗುತ್ತದಲ್ಲ ಎಂದು ಗಾದಿಲಿಂಗಪ್ಪನಿಗೆ ಅನ್ನಿಸಿತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ.

ಏಳನೇ ಚೌಕ ಮಾತ್ರ ಜೋಯಿಸನ ಮಾತು ಕೇಳಲಿಲ್ಲ. ಮಿಕ್ಕ ಹತ್ತೊಂಬತ್ತು ಚೌಕಗಳು ಹುಲ್ಲು, ಪೊದೆಯಲ್ಲೇ ಇದ್ದಾಗ ಅಲ್ಲಿ ಮೂರು ಬೇವು, ಒಂದು ಕವಳಿ ಪೊದೆ, ನಡುವೆ ಎರಡಾಳೆತ್ತರದ ಬಸರಿ ಮರ. ಐವತ್ತು ವರ್ಷಕ್ಕೆ ಬರಬೇಕಾದದ್ದು ಹನ್ನೊಂದಕ್ಕೇ ಬಂದುಬಿಟ್ಟಿತ್ತು. ಹೊಸಪೇಟೆಯಲ್ಲಿ ಸಿಹಿ ಹಂಚಿದರಂತೆ. ಮುಂದೆ ಯಂತ್ರಕ್ಕೆ ಕಾರಣ ಹುಡುಕು ಎಂದರು. ಅದಕ್ಕೆ ತಿಳಿದಿದ್ದ ವ್ಯತ್ಯಾಸ ಒಂದೇ, ಆ ಚೌಕಕ್ಕೆ ಸಿಂಪಡಿಸಿದ್ದ ಪಾಚಿಯ ಬಗೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಹಾಕಿದ ಹಾಗೆ ಜೋಯಿಸ ಪಾಚಿಗೂ ಮರಕ್ಕೂ ಗಂಟು ಹಾಕಿತು.

ಕಾಗೆ ಕೂತದ್ದು ಮಾತ್ರ ನಿಜ. ಅದು ಗಾದಿಲಿಂಗಪ್ಪನೊಬ್ಬನಿಗೇ ಗೊತ್ತಿತ್ತು.

ಕೆಲಸಕ್ಕೆ ಸೇರುವಾಗ ಅರ್ಜಿಯಲ್ಲೊಂದು ಪ್ರಶ್ನೆಯಿತ್ತು: ಈ ಗುಡ್ಡದ ಜೊತೆ ನಿಮಗೆ ಮೊದಲು ಏನಾದರೂ ಸಂಬಂಧವಿತ್ತೆ? ಇಲ್ಲ ಎಂದು ಬರೆದಿದ್ದ. ಅದು ಸುಳ್ಳು. ಅವನು ಇಪ್ಪತ್ತೆರಡು ವರ್ಷ ಟಿಪ್ಪರ್ ಓಡಿಸಿದವನು. ಈ ಗುಡ್ಡವನ್ನು ಲೋಡಿನ ಮೇಲೆ ಲೋಡು ಸುರಿದು ಕಟ್ಟಿದವರಲ್ಲಿ ಅವನೂ ಒಬ್ಬ. ಗುಡ್ಡದ ಬುಡದಲ್ಲಿ ಹನ್ನೊಂದು ಮನೆಯ ಹಟ್ಟಿಯಿತ್ತು, ಅದರಲ್ಲೊಂದು ಅವನ ಮನೆ. ಒಂದು ಶ್ರಾವಣದಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದು, ನಾಲ್ಕನೇ ದಿನ ಮಧ್ಯಾಹ್ನ ಗುಡ್ಡದ ಒಂದು ಮಗ್ಗುಲು ಹಾಗೆಯೇ ಜಾರಿ ಹಟ್ಟಿಯ ಮೇಲೆ ಕೂತುಬಿಟ್ಟಿತು. ಅವನು ಆ ಹೊತ್ತಿಗೆ ಇನ್ನೊಂದು ಬದಿಯಲ್ಲಿ ಲೋಡು ಖಾಲಿ ಮಾಡುತ್ತಿದ್ದ. ಹೆಂಡತಿ ಎರ್ರೆಮ್ಮ ಮನೆಯಲ್ಲಿದ್ದಳು. ಬೇರೆಯವರ ಹೆಣ ಸಿಕ್ಕವು, ಅವಳದು ಸಿಗಲಿಲ್ಲ. ಇನ್ನೂ ಅಗೆದರೆ ಉಳಿದ ಗುಡ್ಡವೂ ಜಾರುತ್ತದೆಂದು ಎಂಟನೇ ದಿನ ಅಗೆತ ನಿಲ್ಲಿಸಿದರು. ಮುಂದೆ ಗಣಿ ಮುಚ್ಚಿ, ಗುಡ್ಡವನ್ನು ಮೆಟ್ಟಿಲು ಮಾಡಿ ಚೌಕ ಹಾಕಿದಾಗ ಮಣ್ಣಿಗೆ ಸಿಗದೆ ಉಳಿದಿದ್ದ ಹಟ್ಟಿಯ ನೀರಿನ ಟ್ಯಾಂಕಿನಿಂದ ಹೆಜ್ಜೆ ಎಣಿಸಿಕೊಂಡು ಬಂದು ನೋಡಿದ. ಅವನ ಮನೆ ಏಳನೇ ಚೌಕದ ಕೆಳಗಿತ್ತು.

ಮೊದಲ ವರ್ಷ ಹಿರಿಯರ ಅಮಾವಾಸ್ಯೆಗೆ ಅವನು ಎಡೆ ಮಾಡಿ, ಕಟ್ಟಳೆ ಮುರಿದು, ಚೌಕದೊಳಗೆ ಹೋಗಿ ಇಟ್ಟ. ಚೌಕದ ಕ್ಯಾಮೆರಾ ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ ಮಾತ್ರ ಚಿತ್ರ ತೆಗೆಯುತ್ತಿತ್ತು, ಸಲಾಕೆಗಳಿಗೆ ಮಣ್ಣಿನೊಳಗಿನದು ಬಿಟ್ಟರೆ ಮೇಲೆ ನಡೆದವರು ತಿಳಿಯುತ್ತಿರಲಿಲ್ಲ. ಅವನು ಹೋದದ್ದು ನಡುಹಗಲಲ್ಲಿ. ಇಟ್ಟು, ದೂರ ನಿಂತು ಕಾಗೆಗಳನ್ನು ಕರೆದ. ಒಂದೂ ಬರಲಿಲ್ಲ. ಆ ಬೋಳುಗುಡ್ಡದ ಮೇಲೆ ಕಾಗೆ ಕೂರುವುದೆಲ್ಲಿ? ಎಡೆಯನ್ನು ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಸಿಟ್ಟಿದೆ ಎಂದೇ ಲೆಕ್ಕ. ಎರ್ರೆಮ್ಮನಿಗೆ ಸಿಟ್ಟು ಬರಲು ಕಾರಣವಿಲ್ಲ ಎಂದು ಹೇಳಿಕೊಳ್ಳಲು ಅವನಿಗೆ ಬಾಯಿ ಬರಲಿಲ್ಲ. ಅವಳ ಮೇಲೆ ಬಿದ್ದ ಮಣ್ಣಿನಲ್ಲಿ ಅವನು ಸುರಿದ ಲೋಡುಗಳೂ ಇದ್ದವು.

ಮರುತಿಂಗಳ ಅಮಾವಾಸ್ಯೆಗೆ ಮತ್ತೆ ಹೋದ, ಅದರ ಮುಂದಿನದಕ್ಕೂ ಹೋದ. ಆಗ ಇಲಾಖೆಯವರು ಚೌಕಗಳಲ್ಲಿದ್ದ ಮಳೆ ಅಳೆಯುವ ಕಂಬಗಳು ಇನ್ನು ಬೇಡ, ಅಂಚಿನಿಂದಲೇ ಹಗ್ಗ ಹಾಕಿ ಕಿತ್ತುಬಿಡು ಎಂದು ಹೇಳಿದರು. ಏಳನೆಯದರ ಕಂಬ ಬಿಗಿಯಾಗಿ ಕೂತಿದೆ, ಬರುತ್ತಿಲ್ಲ ಎಂದು ಇವನು ವರದಿ ಕೊಟ್ಟ. ಅದು ಎರಡನೇ ಸುಳ್ಳು. ಕಂಬದ ತಲೆಗೊಂದು ಅಡ್ಡ ಕಬ್ಬಿಣ ಕಟ್ಟಿದ. ನಾಲ್ಕನೇ ಅಮಾವಾಸ್ಯೆಗೆ ಒಂದು ಕಾಗೆ ಬಂದು ಕಂಬದ ಮೇಲೆ ಕೂತು, ಕತ್ತು ವಾರೆ ಮಾಡಿ ಇವನನ್ನು ನೋಡಿ, ಇಳಿದು ಹೋಳಿಗೆಗೆ ಬಾಯಿ ಹಾಕಿತು. ಅವತ್ತು ಗಾದಿಲಿಂಗಪ್ಪ ಕೋಣೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತ.

ಆಮೇಲೆ ಹತ್ತಾರು ಕಾಗೆಗಳಾದವು. ಅವುಗಳ ಹಿಂದೆ ಗೊರವಂಕ, ಪಿಕಳಾರ ಬಂದವು. ಅಮಾವಾಸ್ಯೆಗೊಮ್ಮೆ ಇಡುತ್ತಿದ್ದ ಎಡೆ ವಾರಕ್ಕೊಮ್ಮೆ ಆಯಿತು, ಬರಬರುತ್ತಾ ಅವನು ಉಣ್ಣುವ ಮೊದಲು ದಿನಾ ಒಂದು ತುತ್ತು ಅಲ್ಲಿಗೆ ಹೋಗತೊಡಗಿತು. ಕಾಲುವೆ ದಂಡೆಯ ಮರಗಳಲ್ಲಿ ಹಣ್ಣು ತಿಂದ ಹಕ್ಕಿಗಳು ಕಂಬದ ಮೇಲೆ ಕೂತು ಸುಮ್ಮನಿರುತ್ತವೆಯೆ? ಕಂಬದ ಬುಡ ಬೆಳ್ಳಗಾಯಿತು. ಎಂಟು ವರ್ಷದ ಹಿಂದಿನ ಮಳೆಗಾಲದಲ್ಲಿ ಅಲ್ಲೇ ಬಸರಿ ಸಸಿಯ ಎರಡೆಲೆ ಕಂಡಿತು. ಗಾದಿಲಿಂಗಪ್ಪನಿಗೆ ಅದು ಎರ್ರೆಮ್ಮ ಕಳಿಸಿದ್ದು ಎನ್ನಿಸಿತೇ ಹೊರತು ತಾನು ತರಿಸಿದ್ದು ಎಂದು ಹೊಳೆಯಲಿಲ್ಲ. ಹೊಳೆದ ಮೇಲೂ ಬಾಯಿ ಬಿಡಲಿಲ್ಲ. ಬಿಟ್ಟರೆ ಗುಡ್ಡದಿಂದ ಇಳಿಸುತ್ತಾರೆ. ಇಳಿಸಿದರೆ ಅವಳ ಹತ್ತಿರ ಯಾರಿರುತ್ತಾರೆ?

ಕಾರ್ತಿಕದ ಒಂದು ಬೆಳಿಗ್ಗೆ ಸಬೀಹಾ ಪರದೆಯ ಮೇಲೆ ಬಂದಾಗ ಅವರ ಮುಖ ಅರಳಿತ್ತು. ಜೋಯಿಸನ ಮಾತನ್ನು ಸರ್ಕಾರ ಒಪ್ಪಿದೆಯಂತೆ. ಜಿಲ್ಲೆಯ ಇಪ್ಪತ್ತಾರು ಗುಡ್ಡಗಳಿಗೂ ಏಳನೇ ಚೌಕದ ಪಾಚಿಯನ್ನೇ ಸಿಂಪಡಿಸುತ್ತಾರೆ. ಹತ್ತು ವರ್ಷದಲ್ಲಿ ಮರ ಬಂದು ಬೇರು ಮಣ್ಣು ಹಿಡಿಯುವುದರಿಂದ ಗುಡ್ಡ ಜಾರದಂತೆ ಕಟ್ಟುತ್ತಿದ್ದ ತಡೆಗೋಡೆಯ ಕೆಲಸ ಎಲ್ಲೆಡೆ ನಿಲ್ಲಿಸುತ್ತಾರೆ. ಮುದ್ದನಹಟ್ಟಿಯ ಗುಡ್ಡಕ್ಕೆ ಬರುವ ವಾರವೇ ಶುರು.

ಗಾದಿಲಿಂಗಪ್ಪ ಚಹದ ಲೋಟ ಕೆಳಗಿಟ್ಟ. ಮುದ್ದನಹಟ್ಟಿಯ ಗುಡ್ಡ ಅವನಿಗೆ ಗೊತ್ತು. ಅಲ್ಲಿಗೂ ಲೋಡು ಹೊಡೆದಿದ್ದ.

“ಅದರ ಬುಡಕ ಊರೈತಲ್ರಿ ಮೇಡಂ. ಎಷ್ಟು ಮನಿ ಅದಾವೀಗ?” ಎಂದು ಕೇಳಿದ.

“ನಾನೂರರ ಮ್ಯಾಲ ಅದಾವ. ಯಾಕ್ರಿ?”

ಏನಿಲ್ಲ ಎಂದ. ಪರದೆ ಆರಿತು.

ಅವತ್ತು ರೊಟ್ಟಿ ಬಡಿಯಲು ಕೂತವನ ಕೈಗೆ ಹಿಟ್ಟು ಹದಕ್ಕೆ ಬರಲಿಲ್ಲ. ಮೂರು ರೊಟ್ಟಿ ಹರಿದವು. ಎರಡು ದಿನ ಅವನು ತನ್ನ ಜೊತೆ ತಾನೇ ವಾದ ಮಾಡಿದ. ಯಂತ್ರಕ್ಕೆ ತಿಳಿಯದ್ದು ನನಗೇನು ತಿಳಿದೀತು, ಪಾಚಿಯಿಂದಲೇ ಬಂದಿರಬಹುದು ಎಂದು ಒಂದು ಗಳಿಗೆ. ಹಾಗಿದ್ದರೆ ಆರನೇ ಚೌಕದ ಅಂಚಿಗೆ, ಏಳನೆಯದರ ಪಾಚಿ ನೀರು ಹರಿದುಹೋದ ಕಡೆ, ಮರ ಯಾಕಿಲ್ಲ ಎಂದು ಇನ್ನೊಂದು ಗಳಿಗೆ. ನಾನೂರು ಮನೆಯಲ್ಲಿ ಎಷ್ಟು ಜನ ಮಧ್ಯಾಹ್ನದ ಹೊತ್ತು ಒಳಗಿರುತ್ತಾರೆ ಎಂದು ಲೆಕ್ಕ ಹಾಕತೊಡಗಿದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒಮ್ಮೆ ತಿಳಿಯದೆ ಸುರಿದಿದ್ದ, ಈಗ ಸುಮ್ಮನಿದ್ದರೆ ತಿಳಿದೂ ಸುರಿದ ಹಾಗೆ.

ಮೂರನೇ ದಿನ ಬೆಳಿಗ್ಗೆ ಸಬೀಹಾ ಬಂದು ಇನ್ನೂ ನಮಸ್ಕಾರ ಹೇಳುವ ಮೊದಲೇ ಅವನು ಶುರುಮಾಡಿದ.

“ಮೇಡಂ, ಆ ಮರ ಪಾಚಿಯಿಂದ ಬಂದದ್ದಲ್ರಿ. ನಾನು ಒಳಗ ಹೋಗೀನಿ. ಹನ್ನೊಂದು ವರ್ಷ ಆತು, ಹೋಗಾಕತ್ತೀನಿ. ನನ್ನ ಹೇಣ್ತಿ ಅಲ್ಲಿ ಕೆಳಗದಾಳ. ಆಕಿಗೆ ಎಡಿ ಇಡ್ತಿದ್ದೆ. ಕಾಗಿ ಕೂಡಾಕ ಕಂಬ ಬಿಟ್ಟೀನಿ. ಹಕ್ಕಿ ಬಂದುವು, ಬೀಜ ತಂದುವು. ಮುದ್ದನಹಟ್ಟಿ ಗ್ವಾಡಿ ನಿಲ್ಲಸಬ್ಯಾಡ್ರಿ.”

ಸಬೀಹಾರ ಹನ್ನೊಂದು ವರ್ಷದ ಕೆಲಸದ ಮೇಲೆ ಒಬ್ಬ ಮುದುಕ ಅನ್ನ ಚೆಲ್ಲಿದ್ದ. ಸಿಟ್ಟು ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಎಲ್ಲಿಗೂ ಹೋಗಬೇಡಿ ಎಂದಷ್ಟೇ ಹೇಳಿ ಪರದೆ ಆರಿಸಿದರು. ಎಲ್ಲಿಗೆ ಹೋದಾನು? ಮಧ್ಯಾಹ್ನದ ಹೊತ್ತಿಗೆ ಸಬೀಹಾರ ಜೀಪು ಗುಡ್ಡ ಹತ್ತಿ ಬಂತು. ಹನ್ನೊಂದು ವರ್ಷದಲ್ಲಿ ಅವನ ಕೋಣೆಗೆ ಬಂದ ಮೊದಲ ಮನುಷ್ಯರು ಅವರೇ. ಪರದೆಯಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದರು, ಕೂದಲು ಬೆಳ್ಳಗಾಗಿತ್ತು. ಗಾದಿಲಿಂಗಪ್ಪನಿಗೆ ಕೂರಿ ಎಂದು ಹೇಳಲು ಒಂದು ಕುರ್ಚಿಯೂ ಇರಲಿಲ್ಲ, ಹಾಸಿಗೆ ಮಡಚಿ ಅದರ ಮೇಲೆ ಕೂರಿಸಿದ.

ಅವರು ಬೈಯುತ್ತಾರೆಂದು ಕಾದ. ಬೈಯಲಿಲ್ಲ. ಟ್ಯಾಬು ತೆಗೆದು ತೊಡೆಯ ಮೇಲಿಟ್ಟುಕೊಂಡು ಎಡೆಗೆ ಏನೇನು ಇಡುತ್ತಿದ್ದಿರಿ ಎಂದು ಕೇಳಿದರು. ಮಣ್ಣಿಗೆ ಏನೇನು ಬಿತ್ತೆಂದು ತಿಳಿಯದೆ ಜೋಯಿಸನ ಲೆಕ್ಕ ಸರಿಹೋಗುವುದಿಲ್ಲವಂತೆ, ಒಂದೂ ಬಿಡದೆ ಹೇಳಬೇಕಂತೆ. ಅವನು ಹೇಳತೊಡಗಿದ. ಕಡಲೆಬೇಳೆ ಹೋಳಿಗೆ. ಬದನೆಕಾಯಿ ಎಣ್ಣೆಗಾಯಿ. ಗುರೆಳ್ಳು ಚಟ್ನಿ. ಮಂಡಕ್ಕಿ ಒಗ್ಗರಣೆ, ಜೊತೆಗೆ ಮೆಣಸಿನಕಾಯಿ ಬಜ್ಜಿ.

“ಬಜ್ಜಿ ಕಾಗಿ ತಿಂತಾವೇನ್ರಿ?”

“ಮೊದಲಿಗೆ ತಿನ್ನಲಿಲ್ರಿ. ಆಮ್ಯಾಲ ರುಚಿ ಹತ್ತಿತು.”

ಬಜ್ಜಿ ಯಾಕೆ ಎಂದರು. ಎರ್ರೆಮ್ಮನಿಗೆ ಶನಿವಾರದ ಸಂತೆಯಲ್ಲಿ ಬಜ್ಜಿ ಕೊಡಿಸದಿದ್ದರೆ ಸೋಮವಾರದವರೆಗೆ ಮಾತು ಬಿಡುತ್ತಿದ್ದಳು ಎಂದು ಹೇಳಿದ. ಎಣ್ಣೆಗಾಯಿ ಯಾಕೆ ಎಂದರು. ಅದನ್ನು ಅವಳೇ ಕಲಿಸಿದ್ದು, ಅವಳಿದ್ದಾಗ ಒಮ್ಮೆಯೂ ತಾನು ಮಾಡಿರಲಿಲ್ಲ, ಹೀಗೆ ಮಾಡಬೇಕು ನೋಡು ಎಂದು ಅವಳು ಒಲೆಯ ಮುಂದೆ ಕೂತು ಹೇಳುತ್ತಿದ್ದದ್ದನ್ನು ಅರ್ಧ ಕಿವಿಯಲ್ಲಿ ಕೇಳಿದ್ದು ಈಗ ಕೈಗೆ ಬಂತು ಎಂದ. ಹೇಳುತ್ತಾ ಹೇಳುತ್ತಾ ಅವನಿಗೆ ನಿಲ್ಲಿಸಲಾಗಲಿಲ್ಲ. ಅವಳ ಕಾಲಿನ ಆಣಿ, ಅವಳು ಕೋಳಿಗಳಿಗೆ ಇಟ್ಟಿದ್ದ ಹೆಸರುಗಳು, ಮಕ್ಕಳಾಗಲಿಲ್ಲವೆಂದು ಅವನ ತಾಯಿ ಆಡಿದಾಗ ಅವಳು ಮಾತಾಡದೆ ಹಿಟ್ಟು ನಾದುತ್ತಿದ್ದದ್ದು, ಎಲ್ಲ ಬಂತು. ಮಣ್ಣಿನ ಲೆಕ್ಕಕ್ಕೆ ಇದು ಯಾವುದೂ ಬೇಕಿರಲಿಲ್ಲ. ಸಬೀಹಾ ಬರೆದುಕೊಳ್ಳುವುದನ್ನು ಯಾವಾಗಲೋ ನಿಲ್ಲಿಸಿದ್ದರು. ಅವನು ಅದನ್ನು ಗಮನಿಸಲಿಲ್ಲ, ಹೊತ್ತು ಇಳಿಯುವವರೆಗೆ ಹೇಳಿದ.

ಮರುದಿನ ಅವನನ್ನು ಹೇಳಿಕೆಗೆ ಹೊಸಪೇಟೆಗೆ ಕರೆದುಕೊಂಡು ಹೋದರು. ನಿಯಂತ್ರಣ ಕೊಠಡಿ ತಣ್ಣಗಿತ್ತು, ಗೋಡೆ ತುಂಬ ಗುಡ್ಡದ ಚಿತ್ರ. ಅವನು ಕಾಲಲ್ಲಿ ತುಳಿದು ಬಲ್ಲ ಗುಡ್ಡ ಅಲ್ಲಿ ಗೆರೆಗಳಾಗಿತ್ತು. ಜೋಯಿಸನಿಗೆ ಕಂಬವನ್ನೂ ಅನ್ನವನ್ನೂ ಕೊಟ್ಟು ಮತ್ತೆ ಲೆಕ್ಕ ಹಾಕಿಸಿದ್ದರು. ಈಗ ಏಳನೇ ಚೌಕ ಸರಿಯಾಗಿ ಹೊಂದಿತಂತೆ. ಪಾಚಿಯ ಪಾಲು ಏನೂ ಇರಲಿಲ್ಲ. ಮುದ್ದನಹಟ್ಟಿಯ ತಡೆಗೋಡೆ ಮುಂದುವರಿಯುತ್ತದೆ, ಅದರ ಮೇಲಿನ ಇಳಿಜಾರಿಗೆ ಹಕ್ಕಿ ಕೂರುವ ಇನ್ನೂರು ಕಂಬ ನೆಡುತ್ತಾರೆ ಎಂದು ಸಬೀಹಾ ತಿಳಿಸಿದರು. ಗಾದಿಲಿಂಗಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆದರೆ ಕಾನೂನು ಕಾನೂನೇ. ಚೌಕದೊಳಗೆ ಕಾಲಿಟ್ಟವನು ಮತ್ತೆ ಗುಡ್ಡ ಹತ್ತುವ ಹಾಗಿಲ್ಲ. ಮೇಲಾಗಿ, ಎಡೆ ನಿಂತ ಮೇಲೆ ಹಕ್ಕಿಗಳು ತಾವಾಗಿ ಬರುತ್ತವೆಯೋ ಇಲ್ಲವೋ ನೋಡಬೇಕು, ಅದಕ್ಕೆ ಅಲ್ಲಿ ಅವನು ಇರಬಾರದು. ಬರುತ್ತವೆ ಎಂದು ಜೋಯಿಸನ ಮಾತು. ಬಸರಿ ಈಗ ಹಣ್ಣು ಬಿಡುವ ಮರ, ಅದಕ್ಕೆ ಹೋಳಿಗೆಯ ಹಂಗಿಲ್ಲ. ಇದನ್ನು ಹೇಳುವಾಗ ಸಬೀಹಾ ಅವನ ಮುಖ ನೋಡಲಿಲ್ಲ. ಅವರ ಕೈಯಲ್ಲಿದ್ದಿದ್ದರೆ ಬಿಡುತ್ತಿದ್ದರೋ ಏನೋ. ಅವನು ತಕರಾರು ಮಾಡಲಿಲ್ಲ. ಹೇಳಿಕೆಗೆ ಸಹಿ ಹಾಕಿದ.

ಏಳುವ ಮುಂಚೆ ಒಂದು ಮಾತು ಕೇಳಲೇ ಎಂದ. ಅಗೆತ ನಿಲ್ಲಿಸಿದ ದಿನ ಇಂಜಿನಿಯರು ಅವನನ್ನು ಪಕ್ಕಕ್ಕೆ ಕರೆದು, ಮನೆಯ ಮೇಲೆ ಮೂವತ್ತಡಿ ಮಣ್ಣು ಕೂತಿದೆಯಪ್ಪ, ಕೈ ಮೀರಿತು ಎಂದಿದ್ದರು. ಆ ಅಂಕಿಯನ್ನು ಅವನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

“ಮೂವತ್ತಡಿ ತನಕ ಬೇರು ಯಾವಾಗ ಮುಟ್ಟತಾವಂತ ಹೇಳ್ತೈತೇನ್ರಿ ಈ ಯಂತ್ರ? ನಾ ಸಾಯೂದ್ರಾಗ ಮುಟ್ಟತಾವೇನು?”

ಸಬೀಹಾ ಯಂತ್ರದ ಕಡೆ ತಿರುಗಿ ಏನೋ ಒತ್ತಿದರು. ಗೋಡೆಯ ಮೇಲೆ ಬಸರಿ ಮರ ಬಂತು, ಮೇಲೆ ಪುಟ್ಟದು, ಕೆಳಗೆ ಬಿಳಿ ಗೆರೆಗಳು ಇಳಿಯುತ್ತ ಇಳಿಯುತ್ತ ಹೋದವು. ಸಡಿಲ ಮಣ್ಣು, ಸುರಿದ ಮಣ್ಣು, ಬೇರಿಗೆ ಅಡ್ಡಿಯೇ ಇರಲಿಲ್ಲ.

“ಮುಟ್ಟ್ಯಾವ. ಹ್ವಾದ ಮಳಿಗಾಲದಾಗೇ ಮುಟ್ಟ್ಯಾವ,” ಎಂದರು ಸಬೀಹಾ. ಪರದೆಯನ್ನೇ ನೋಡುತ್ತ ಮುಂದುವರಿಸಿದರು. “ಅಲ್ಲೊಂದು ಕಡೆ ಭಾಳ ಗುಂಪಾಗ್ಯಾವ. ಯಾಕಂತ ಜೋಯಿಸಗ ತಿಳಿದಿಲ್ಲ. ಅಷ್ಟು ಕೆಳಗ ಬೇರು ಹಿಡಕೊಂಡು ಕೂಡುವಂಥದ್ದು ಏನೂ...”

ಅವರು ಅಲ್ಲಿಗೇ ನಿಲ್ಲಿಸಿದರು. ಕೊಠಡಿಯಲ್ಲಿದ್ದ ಇನ್ನಿಬ್ಬರು ತಲೆ ತಗ್ಗಿಸಿ ತಮ್ಮ ಕೆಲಸ ನೋಡಿಕೊಂಡರು.

ಗಾದಿಲಿಂಗಪ್ಪ ಗೋಡೆಯ ಹತ್ತಿರ ಹೋಗಿ ನಿಂತ. ಬಿಳಿ ಗೆರೆಗಳು ಒತ್ತೊತ್ತಾಗಿ ಸೇರಿದ ಜಾಗ ಅವನ ಎದೆಯ ಮಟ್ಟಕ್ಕಿತ್ತು. ಮುಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದ. ಹನ್ನೊಂದು ವರ್ಷ ಅವನು ಮೇಲೆ ನಿಂತು ತುತ್ತು ಇಟ್ಟಿದ್ದ, ಕರೆದಿದ್ದ, ಮಾತಾಡಿದ್ದ, ಅಷ್ಟು ಕೆಳಗೆ ಹೋಗಲು ಮಾತ್ರ ಆಗಿರಲಿಲ್ಲ. ಮರ ಹೋಗಿತ್ತು.

“ಹಂಗಾರ ಆಕಿ ಒಬ್ಬಾಕಿ ಇಲ್ಲ ಬಿಡ್ರಿ,” ಎಂದ.

ಅವನಿಗೆ ಸಮಾಧಾನವಾಯಿತು. ಅದರ ಬೆನ್ನಿಗೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಹೊಟ್ಟೆಕಿಚ್ಚೂ ಆಯಿತು. ಜೀಪಿನಲ್ಲಿ ಬಿಟ್ಟುಬರುತ್ತೇವೆ, ಎಲ್ಲಿಗೆ ಹೇಳಿ ಎಂದು ಸಬೀಹಾ ಕೇಳಿದಾಗ ಗಾದಿಲಿಂಗಪ್ಪ ಬಾಯಿ ತೆರೆದ. ಆದರೆ ಹೇಳಲು ಅವನಿಗೆ ಯಾವ ಊರಿನ ಹೆಸರೂ ನೆನಪಿಗೆ ಬರಲಿಲ್ಲ.